ಕಾಯಿಲ್ ತೆಗೆದ ತಕ್ಷಣ

ಒಸಿಡಿ (ಗೀಳು ಕಾಯಿಲೆ: ಬೇಡದ ಭಯ ಮತ್ತೆ ಮತ್ತೆ ಕಾಡಿ, ಅದನ್ನು ತಣಿಸಲು ತೊಳೆಯುವಂಥ ಕೆಲಸ ಮಾಡುತ್ತಲೇ ಇರುವುದು) ಇರುವವರ ಜೊತೆ ನಾನು ಮಾಡುವ ಮಾತಿನ ಚಿಕಿತ್ಸೆಗೆ ಇಆರ್‌ಪಿ ಅಂತ ಹೆಸರು. ಭಯ ಹುಟ್ಟಿಸುವುದನ್ನು ಮುಟ್ಟಬೇಕು, ಆಮೇಲೆ ಕೈ ತೊಳೆಯದೆ ಕೂರಬೇಕು. ಹೇಳುವುದು ಸುಲಭ. ಕೂತವರ ಸಂಕಟ ನೋಡಿದರೆ ಕರುಳು ಚುರುಕ್ ಅನ್ನುತ್ತದೆ. ಎಷ್ಟೋ ಜನ ಅರ್ಧಕ್ಕೇ ಬಿಟ್ಟು ಹೋಗುತ್ತಾರೆ.

ಮಾತ್ರೆಯಿಂದಲೂ ಸಾಕಷ್ಟು ಗುಣ ಕಾಣದ ಒಬ್ಬರಿಗೆ ಮನೋವೈದ್ಯರು ಡೀಪ್ ಟಿಎಂಎಸ್ ಶುರು ಮಾಡಿದರು. ತಲೆಗೆ ಕಾಯಿಲ್ (ತಂತಿಯ ಸುರುಳಿ) ಇಟ್ಟು, ಆಯಸ್ಕಾಂತದ ಮಿಡಿತಗಳಿಂದ ಮಿದುಳನ್ನು ಪ್ರಚೋದಿಸುವ ಚಿಕಿತ್ಸೆ ಇದು. ಅರಿವಳಿಕೆ ಬೇಕಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಸಿಡಿಗೆ ಇದನ್ನು ಒಪ್ಪಿದ್ದು 2018ರಲ್ಲಿ. 6 ವಾರದಲ್ಲಿ 29 ಸಿಟ್ಟಿಂಗ್.

ಮೊದಲ ಎರಡು ವಾರ ನಾನು ತಪ್ಪು ಮಾಡಿದೆ. ಅವರ ಸಿಟ್ಟಿಂಗ್ ಒಂದು ಕಡೆ, ನನ್ನ ಸೆಷನ್ ಇನ್ಯಾವುದೋ ದಿನ. ‘ಭಯ ಸ್ವಲ್ಪ ಕಮ್ಮಿ ಆಗಿದೆ, ಆದ್ರೆ ತೊಳೆಯೋದು ಬಿಟ್ಟಿಲ್ಲ’ ಅಂದರು. ಭಯ ಇಳಿದ ಹೊತ್ತಿನಲ್ಲಿ ಅಭ್ಯಾಸ ಮುರಿಯಲು ನಾನು ಪಕ್ಕದಲ್ಲಿ ಇರಲಿಲ್ಲ, ಅಷ್ಟೇ.

ಈ ವಿಧಾನದಲ್ಲಿ ಪ್ರತಿ ಸಿಟ್ಟಿಂಗ್‌ಗೂ ಮುಂಚೆ ಗೀಳನ್ನು ಬೇಕಂತಲೇ ಕೆಣಕುತ್ತಾರೆ. ಮಿಡಿತ ಕೊಡುವಾಗ ಮಿದುಳಿನ ಆ ಜಾಲ ಎಚ್ಚರವಾಗಿರಲಿ ಅಂತ. ಎಲ್ಲರಿಗೂ ಕೇಳುವ ಸಾಮಾನ್ಯ ಪ್ರಶ್ನೆಗಳನ್ನು ಬಿಟ್ಟು, ಅವರದೇ ಭಯದಿಂದ ಮಾತುಗಳನ್ನು ಅವರ ಜೊತೆ ಕೂತು ಬರೆದೆ. ‘ಶೌಚಾಲಯದ ಚಿಲಕ ಮುಟ್ಟಿದ್ದೀರಿ. ಸೋಂಕು ತಗುಲಿರಬಹುದು. ಮಗುವಿಗೂ ಹರಡಬಹುದು.’ ಕಳವಳ ಅತಿಯಾಗಬಾರದು, ಸುಮ್ನೆ ಹಾದುಹೋಗಲೂಬಾರದು. ಈ ಹದ ಸಿಗಲು ನಾಲ್ಕೈದು ದಿನ ಹಿಡಿಯಿತು. ಕಾಯಿಲ್ ತೆಗೆದ ತಕ್ಷಣ, ತೊಳೆಯದ ಅದೇ ಕೈಯಲ್ಲಿ ನನ್ನ ಕೋಣೆಗೆ ಬರುತ್ತಿದ್ದರು. ಅಲ್ಲಿ ಮುಕ್ಕಾಲು ಗಂಟೆ ಇಆರ್‌ಪಿ.

ನಾಲ್ಕನೇ ವಾರ ಅವರು ಕೇಳಿದರು, ‘ಮಷೀನ್ ಇಟ್ಟಾಯ್ತಲ್ಲ, ಇನ್ನು ಏನೂ ಆಗಲ್ಲ ಅಲ್ವಾ?’ ನನಗೆ ದಿಗಿಲಾಯಿತು. ಕೈ ತೊಳೆಯುವ ಹಾಗೆ, ಭರವಸೆ ಕೇಳುವುದೂ ಒಸಿಡಿಯಲ್ಲಿ ಭಯ ತಣಿಸಿಕೊಳ್ಳುವ ಒಂದು ಆಚರಣೆಯೇ. ಮಷೀನು ಈಗ ಸೋಪಿನ ಜಾಗಕ್ಕೆ ಬಂದಿತ್ತು! ‘ಹೌದು’ ಅನ್ನಲಿಲ್ಲ. ‘ಆಗಲೂಬಹುದು, ಆಗದೆಯೂ ಇರಬಹುದು’ ಅಂದೆ. ಸಿಟ್ಟಿಂಗ್ ಇಲ್ಲದ ದಿನ, ಮನೆಯಲ್ಲಿ, ಒಬ್ಬರೇ ಮಾಡುವ ಅಭ್ಯಾಸಗಳನ್ನು ಅವತ್ತೇ ಜಾಸ್ತಿ ಮಾಡಿದೆ. ಇಡೀ ಚಿಕಿತ್ಸೆಯಲ್ಲಿ ಕೆಲಸ ಮಾಡಿದ್ದು ಇದೇ ಅಂತ ನನಗೆ ಬಲವಾಗಿ ಅನಿಸುತ್ತದೆ.

ಒಸಿಡಿ ಎಷ್ಟು ತೀವ್ರ ಅಂತ ಅಳೆಯುವ 40 ಅಂಕದ ವೈ-ಬಾಕ್ಸ್ ಅಳತೆಯಲ್ಲಿ 30 ಇದ್ದದ್ದು 18ಕ್ಕೆ ಇಳಿಯಿತು. ಪೂರ್ತಿ ಗುಣವಲ್ಲ. ಸಿಟ್ಟಿಂಗ್‌ಗಳು ಮುಗಿದ ಮೇಲೂ ಮೂರು ತಿಂಗಳು ವಾರಕ್ಕೊಮ್ಮೆ ಕೂತೆವು. ಒಂದು ದಿನ ಅವರು ಒಳಗೆ ಬರುತ್ತಲೇ, ‘ನಿನ್ನೆ ಹೊರಗಿಂದ ಬಂದವಳು ಹಾಗೇ ಮಗುವನ್ನು ಎತ್ಕೊಂಡೆ’ ಅಂದರು.