ತೊಗಲುಗೊಂಬೆಯ ನೀಲಿ ಪರದೆಯ ಮೇಲೂ ನೀಲಿಯಾಗಿಯೇ ಉಳಿದದ್ದು: ನನ್ನ ಅನುಭವ

ಮೇಜಿನ ಮೇಲೆ ಅಚ್ಚ ನೀಲಿಯಾಗಿದ್ದ ರಾಮನ ಗೊಂಬೆ, ಹಿಂದಿನಿಂದ ದೀಪ ಬೆಳಗುವ ಪರದೆಗೆ ತಾಗಿಸಿದ ಕೂಡಲೇ ಪಾಚಿಯ ಬಣ್ಣಕ್ಕೆ ತಿರುಗುವುದನ್ನು ಗೊಂಬೆ ಮಾಡುವವರೆಲ್ಲ ಕಂಡೇ ಇರುತ್ತೀರಿ. ಅದು ಬಣ್ಣದ ದೋಷವೆಂದು ನಂಬಿ ಎರಡು ವರ್ಷ ಬಗೆಬಗೆಯ ನೀಲಿಗಳನ್ನು ತರಿಸಿದೆ. ಸುಮಾರು 12,000 ರೂಪಾಯಿಯೂ ಒಂಬತ್ತೋ ಹತ್ತೋ ಮೇಕೆ ತೊಗಲೂ ಅದಕ್ಕೇ ಹೋದವು. ಎಲ್‌ಇಡಿ ಬೆಳಕಿಗೆ ಗೊಂಬೆ ಒಗ್ಗುವುದೇ ಇಲ್ಲವೆಂದು ಮೇಳದ ಹಿರಿಯರು ಹೇಳುತ್ತಲೇ ಇದ್ದರು.

ತಪ್ಪಿದ್ದದ್ದು ನಾನು ಬಣ್ಣವನ್ನು ಪರೀಕ್ಷಿಸುತ್ತಿದ್ದ ಜಾಗದಲ್ಲಿ. ಮೇಜಿನ ಮೇಲೆ ಬೆಳಕು ಬಣ್ಣದ ಪದರವನ್ನು ಹೊಕ್ಕು, ತೊಗಲಿಗೆ ತಾಗಿ, ಅದೇ ಪದರವನ್ನು ಮತ್ತೊಮ್ಮೆ ದಾಟಿ ಕಣ್ಣಿಗೆ ಬರುತ್ತದೆ. ಪರದೆಯ ಹಿಂದಿನಿಂದಾದರೆ ಒಂದೇ ಸಲ ದಾಟುತ್ತದೆ, ಜೊತೆಗೆ ತೊಗಲಿನ ಇಡೀ ದಪ್ಪದ ಹಳದಿಯನ್ನೂ ಹೊತ್ತು ತರುತ್ತದೆ. ಎರಡೂ ಬದಿಗೆ ಬಣ್ಣ ಹಚ್ಚುವ ಹಳೆಯ ಪದ್ಧತಿಯ ಬೆಲೆ ನನಗೆ ಆಗ ತಿಳಿಯಿತು.

ಮೊದಲು ಕೊಂಡ ಅಗ್ಗದ ಬಿಳಿ ಎಲ್‌ಇಡಿಯಲ್ಲಿ ನೀಲಿ ಎದ್ದು ಕಂಡಿತಾದರೂ ರಾವಣನ ಕೆಂಪು ಒಣರಕ್ತದಂತೆ ಮಂಕಾಯಿತು. ಕೊನೆಗೆ 2700 ಕೆಲ್ವಿನ್‌ನ (ಅಂದರೆ ಹಳದಿ ಛಾಯೆಯ ಬೆಳಕಿನ), ಸಿಆರ್‌ಐ (ದೀಪ ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬುದರ ಅಳತೆ, ಗರಿಷ್ಠ 100) 90ಕ್ಕಿಂತ ಹೆಚ್ಚಿರುವ ಎಲ್‌ಇಡಿ ದೀಪಕ್ಕೆ 3,500 ರೂಪಾಯಿಯಷ್ಟು ಕೊಟ್ಟೆ. ಇದರಲ್ಲಿ ಪರದೆ ಮೊದಲು ಹಳದಿಯಾಗಿ ತೋರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಕಣ್ಣು ಅದನ್ನೇ ಬಿಳಿಯೆಂದು ಒಪ್ಪಿಕೊಂಡು ಉಳಿದ ಬಣ್ಣಗಳನ್ನು ಅದಕ್ಕೆ ಹೋಲಿಸಿ ನೋಡುತ್ತದೆ. ಹಾಗಾಗಿ ಕತ್ತಲಲ್ಲಿ ಹತ್ತು ನಿಮಿಷ ಕೂರದೆ ನಾನೀಗ ಯಾವ ಬಣ್ಣವನ್ನೂ ತೀರ್ಮಾನಿಸುವುದಿಲ್ಲ.

ನೀಲಿ ಬರುವ ಕಡೆಗಳಲ್ಲಿ ಮಾತ್ರ, ಪತ್ರಿಕೆಯ ಮೇಲಿಟ್ಟರೆ ಅಕ್ಷರ ಓದಲು ಬರುವಷ್ಟು ತೊಗಲನ್ನು ತೆಳ್ಳಗೆ ಕೆರೆದು, ಮುಂದೆ ಎರಡು, ಹಿಂದೆ ಒಂದು ತೆಳುಲೇಪ ಕೊಟ್ಟೆ. ಕೊನೆಯ ಲೇಪಕ್ಕೆ ಬೆರೆಸುವುದು ಏನೆಂಬುದನ್ನು ಮಾತ್ರ ಬರೆಯಲಾರೆ. ಅದು ನನ್ನ ಮಗಳಿಗೆ ಮೀಸಲು. ತೋಳಬಂದಿಯ ಸುತ್ತ ಉಳಿಯಿಂದ ಹೊಡೆದ ತೂತುಗಳ ಕೆಲಸ ಅಲಂಕಾರಕ್ಕಷ್ಟೇ ಮುಗಿಯುವುದಿಲ್ಲ: ಒಂದು ತೋಳಿನ ಮೂವತ್ತು ತೂತುಗಳಿಗೆ ಕಪ್ಪು ಕಾಗದ ಅಂಟಿಸಿ ನೋಡಿದಾಗ, ಅದೇ ನೀಲಿ ಪಕ್ಕದ ತೋಳಿನದಕ್ಕಿಂತ ಮಾಸಿದಂತೆ ಕಂಡಿತು.

ನಡುವೆ ಕೆಂಪು ಗೊಂಬೆಯನ್ನು ಹಸಿರಿನ ಮೇಲೆ ಹಾಯಿಸಿಯೂ ನೋಡಿದೆ. ಒಂದರ ಮೇಲೊಂದು ಬಂದ ಭಾಗ ಬಹುತೇಕ ಕಪ್ಪಾಗುತ್ತದೆ. ಆದರೂ ಎರಡರ ಅಂಚುಗೆರೆಗಳು ಕಡಿಯದೆ ಮುಂದುವರಿದರೆ ನೋಡುವವರಿಗೆ ಎರಡು ಗೊಂಬೆಗಳೇ ಕಾಣುತ್ತವೆ; ಗೆರೆ ಅಳಿಸಿದರೆ ಒಂದು ಮಸಿಕಲೆ ಉಳಿಯುತ್ತದೆ. ಅಂದಿನಿಂದ ನನ್ನ ಗೊಂಬೆಗಳಿಗೆಲ್ಲ ಅಂಚಿನುದ್ದಕ್ಕೂ ತೂತಿನ ಸಾಲು ಬಿಡುತ್ತೇನೆ.

ಕಳೆದ ಶಿವರಾತ್ರಿಯ ಆಟ ಮುಗಿದ ಮೇಲೆ ಹಿರಿಯರೊಬ್ಬರು ಪರದೆಯ ಹಿಂದೆ ಬಂದು ದೀಪವನ್ನೂ ಗೊಂಬೆಯನ್ನೂ ಬಹಳ ಹೊತ್ತು ನೋಡಿದರು. ತಮ್ಮ ಮೇಳಕ್ಕೂ ಅಂಥದೇ ಒಬ್ಬ ಕೃಷ್ಣ ಬೇಕೆಂದರು; 4,500 ರೂಪಾಯಿಗೆ ಒಪ್ಪಿಕೊಂಡು ತೊಗಲು ನೆನೆಹಾಕಿದ್ದೇನೆ.