ಸಮತಟ್ಟು ಹಳ್ಳಕ್ಕೆ ಮೋರಿ: ಲೆಕ್ಕ ಕೆಳಗಡೆಯಿಂದ ಶುರುವಾಗಲಿ

ಇಳಿಜಾರು ಚೆನ್ನಾಗಿರುವ ಹಳ್ಳದಲ್ಲಿ ಮೋರಿಯ, ಅಂದರೆ ರಸ್ತೆಯಡಿ ನೀರು ದಾಟಿಸುವ ಕೊಳವೆಯ, ಬಾಯಿಯೊಳಗೆ ಎಷ್ಟು ನೀರು ಹೋದೀತು ಎಂದು ನೋಡಿಕೊಂಡರೆ ಲೆಕ್ಕ ಬಹುಮಟ್ಟಿಗೆ ಮುಗಿಯುತ್ತದೆ. ಒಳಹೊಕ್ಕ ನೀರು ತನ್ನ ವೇಗದಲ್ಲೇ ಆಚೆಗೆ ಬೀಳುತ್ತದೆ. ಸಾವಿರಕ್ಕೆ ಒಂದೆರಡರಷ್ಟು ಮಾತ್ರ ಇಳಿಜಾರಿರುವ ಹಳ್ಳದಲ್ಲಿ ಸಾಮಾನ್ಯವಾಗಿ ಹಾಗಾಗುವುದಿಲ್ಲ. ಅಲ್ಲಿ ಮೋರಿಯ ಕೆಳಗಡೆ ನಿಂತ ನೀರಿನ ಮಟ್ಟ, ಕೊಳವೆಯ ಉದ್ದ ಮತ್ತು ಒಳಮೈಯ ಒರಟುತನ ಸೇರಿ ಮೇಲ್ಗಡೆ ನೀರು ಎಷ್ಟು ಏರಬೇಕೆಂಬುದನ್ನು ತೀರ್ಮಾನಿಸುತ್ತವೆ. ಆದ್ದರಿಂದ ಮೋರಿಯ ಅಳತೆಗೆ ಕೈಹಾಕುವ ಮೊದಲು ಕೆಳಗಿನ ಹಳ್ಳವನ್ನು ನಡೆದು ನೋಡಬೇಕು.

ಮೋರಿಯ ಜಾಗದಲ್ಲಷ್ಟೇ ಲೆವೆಲ್ (ನೆಲದ ಎತ್ತರದ ಅಳತೆ) ತೆಗೆದರೆ ಸಾಲದು. 20 ಮೀಟರ್ ಉದ್ದದ ಮೋರಿಗೆ ಸಾವಿರಕ್ಕೆ ಒಂದರ ಇಳಿಜಾರೆಂದರೆ ಎರಡು ತುದಿಗಳ ಅಂತರ ಬರೀ 2 ಸೆಂಟಿಮೀಟರ್. ಸ್ಟಾಫಿನ (ಅಳತೆಗೋಲಿನ) ಬುಡ ಕೆಸರಿನಲ್ಲಿ ಅಷ್ಟು ಹೂತರೂ ಸಾಕು, ನಕ್ಷೆಯಲ್ಲಿ ಇಳಿಜಾರೇ ಮಾಯವಾಗುತ್ತದೆ. ಹಳ್ಳದ ಉದ್ದಕ್ಕೂ ಮೇಲೆ ಕೆಳಗೆ ಕೆಲವು ನೂರು ಮೀಟರ್ ಲೆವೆಲ್ ತೆಗೆದು, ಕೆಳಗಿನ ಹಳ್ಳದ ಅಡ್ಡಕೊಯ್ತಕ್ಕೆ ಮ್ಯಾನಿಂಗ್ ಸೂತ್ರ (ಇಳಿಜಾರು, ಒರಟುತನ, ಆಕಾರದಿಂದ ಹರಿವಿನ ವೇಗ ಹೇಳುವ ಸೂತ್ರ) ಹಚ್ಚಿ ನೆರೆಯ ಆಳ ಕಂಡುಕೊಳ್ಳಬೇಕು. ಹತ್ತಿರದಲ್ಲೇ ದೊಡ್ಡ ಹೊಳೆಯೋ ಒಡ್ಡೋ ಇದ್ದರೆ ಅದರ ಹಿನ್ನೀರು ಈ ಆಳವನ್ನು ಮೀರುತ್ತದೆಯೇ ಎಂದೂ ನೋಡಬೇಕು.

ಒಂದು ಉದಾಹರಣೆ. 1.2 ಮೀಟರ್ ವ್ಯಾಸದ, 20 ಮೀಟರ್ ಉದ್ದದ ಕಾಂಕ್ರೀಟ್ ಪೈಪಿನಲ್ಲಿ ಸೆಕೆಂಡಿಗೆ 2 ಘನಮೀಟರ್ ನೀರು ಹೋಗಬೇಕು, ಹೊರಬಾಯಿಯ ತಳದಿಂದ ಕೆಳಗಿನ ನೀರು 1.3 ಮೀಟರ್ ಎತ್ತರದಲ್ಲಿದೆ ಎನ್ನೋಣ. ವೇಗ ಸೆಕೆಂಡಿಗೆ ಸುಮಾರು 1.77 ಮೀಟರ್. ಪ್ರವೇಶದ ನಷ್ಟದ ಗುಣಾಂಕ 0.5, ಮ್ಯಾನಿಂಗ್ ಸೂತ್ರದ ಒರಟುತನದ ಅಂಕಿ 0.013 ಹಿಡಿದರೆ ಪ್ರವೇಶ, ಘರ್ಷಣೆ, ನಿರ್ಗಮನದ ನಷ್ಟಗಳ (ಅಂದರೆ ಅವನ್ನು ದಾಟಲು ನೀರು ಏರಬೇಕಾದ ಎತ್ತರಗಳ) ಮೊತ್ತ 29 ಸೆಂ.ಮೀ. ಆಗುತ್ತದೆ. ಇಳಿಜಾರಿನ 2 ಸೆಂ.ಮೀ. ಕಳೆದರೆ ಮೇಲ್ಗಡೆ ನೀರು 1.57 ಮೀಟರ್ ನಿಲ್ಲುತ್ತದೆ. ಬಾಯಿಯನ್ನಷ್ಟೇ ನೋಡಿ ಲೆಕ್ಕ ಹಾಕಿದವರಿಗೆ ಸಿಗುವುದು ಸುಮಾರು 1.2 ಮೀಟರ್. ಎರಡೂ ಬಗೆಯಲ್ಲಿ ಲೆಕ್ಕ ಹಾಕಿ ದೊಡ್ಡದನ್ನೇ ಹಿಡಿಯಬೇಕೆನ್ನುವುದು ಇದಕ್ಕೇ. ಅದೇ ಜಾಗದಲ್ಲಿ ಹೆಡ್‌ವಾಲ್ (ಬಾಯಿಯ ಸುತ್ತಲಿನ ಗೋಡೆ) ಇಲ್ಲದೆ ಹೊರಚಾಚಿದ ಸುಕ್ಕುತಗಡಿನ ಪೈಪು ಹಾಕಿದರೆ, ಪ್ರವೇಶಕ್ಕೆ 0.9, ಒರಟುತನಕ್ಕೆ 0.024ರ ಲೆಕ್ಕದಲ್ಲಿ ನೀರು 1.76 ಮೀಟರಿಗೆ ಏರುತ್ತದೆ. ಬಾಯಿಯ ಅಂಚನ್ನು ದುಂಡಗೆ ಮಾಡಿ ಪ್ರವೇಶದ ನಷ್ಟ ತಗ್ಗಿಸುವುದು ಅಗ್ಗದ ಕೆಲಸ, ಆದರೂ ಬಹಳ ಜನ ಅದನ್ನು ಅಲಂಕಾರವೆಂದೇ ತಿಳಿಯುತ್ತಾರೆ.

ಇನ್ನು ಹೂಳು. ನನ್ನ ಮಟ್ಟಿಗೆ ಸಮತಟ್ಟು ಹಳ್ಳದ ನಿಜವಾದ ತಲೆನೋವು ಇದೇ. ಮೇಲೆ ಹೇಳಿದ 1.2 ಮೀಟರ್ ಪೈಪಿನ ತಳದಲ್ಲಿ 30 ಸೆಂ.ಮೀ. ಹೂಳು ಕೂತರೆ ಸುಮಾರು ಐದನೇ ಒಂದು ಭಾಗದಷ್ಟು ಜಾಗ ಹೋಗುತ್ತದೆ. ವೇಗ ಏರಿ, ನಷ್ಟ ಒಂದೂವರೆ ಪಟ್ಟಿಗೂ ಮಿಗುತ್ತದೆ. ದೊಡ್ಡ ನೆರೆಯಲ್ಲಿ ಹೂಳು ಕೊಚ್ಚಿಹೋದೀತೆಂಬ ನಂಬಿಕೆಯ ಮೇಲೆ ವಿನ್ಯಾಸ ಮಾಡಬಾರದು, ಏಕೆಂದರೆ ಅದರಲ್ಲಿ ಬೇರು ಬಿಟ್ಟ ಹುಲ್ಲು ಅಷ್ಟು ಸುಲಭವಾಗಿ ಜಾಗ ಬಿಡುವುದಿಲ್ಲ. ಆಗಾಗ ಬರುವ ಸಣ್ಣ ಪ್ರವಾಹಕ್ಕೆ ವೇಗ ಎಷ್ಟೆಂದು ಬೇರೆಯಾಗಿ ನೋಡಬೇಕು. ಅದು ಸೆಕೆಂಡಿಗೆ 0.75 ಮೀಟರಿಗಿಂತ ಕಡಿಮೆಯಿದ್ದರೆ ಹೂಳು ಕೂರುವುದೆಂದೇ ಭಾವಿಸಿ ಆ ಜಾಗವನ್ನು ಲೆಕ್ಕದಿಂದ ಬಿಟ್ಟುಬಿಡುವುದು ಲೇಸು. ಸಾಲು ಪೈಪು ಹಾಕುವುದಾದರೆ ಒಂದನ್ನು ಹಳ್ಳದ ತಳಕ್ಕೆ ಸರಿಯಾಗಿ, ಉಳಿದವನ್ನು ತುಸು ಎತ್ತರಕ್ಕೆ ಇಡಬೇಕು. ಎಲ್ಲವನ್ನೂ ಒಂದೇ ಮಟ್ಟದಲ್ಲಿ ಹರಡಿದರೆ ಬೇಸಿಗೆಯ ತೆಳು ನೀರು ಹಂಚಿಹೋಗಿ ಅಂಚಿನವು ಮೊದಲು ಮುಚ್ಚಿಕೊಳ್ಳುತ್ತವೆ. ಇಳಿಜಾರು ಸಾಲದೆಂದು ಹೊರಬಾಯಿಯನ್ನು ಹಳ್ಳದ ತಳಕ್ಕಿಂತ ಕೆಳಗಿಳಿಸುವ ಅಭ್ಯಾಸವೂ ಉಂಟು. ಅದರಿಂದ ಸಿಗುವುದು ಇಳಿಜಾರಲ್ಲ, ಹೂಳಿನ ಗುಂಡಿ.

ಕೊನೆಯದಾಗಿ ಮೇಲ್ಗಡೆಯ ಜಮೀನು. ಸಾವಿರಕ್ಕೆ ಒಂದರ ಇಳಿಜಾರಿನಲ್ಲಿ ನೀರು 30 ಸೆಂ.ಮೀ. ಹೆಚ್ಚು ನಿಂತರೆ ಅದರ ಪರಿಣಾಮ ಕನಿಷ್ಠ 300 ಮೀಟರ್ ಹಿಂದಕ್ಕೆ ತಟ್ಟುತ್ತದೆ. ರಸ್ತೆ ಮುಳುಗಲಿಲ್ಲವೆಂದು ಸಮಾಧಾನಪಡುವ ಮುನ್ನ ಆ ಅಂತರದೊಳಗೆ ಯಾರ ಹೊಲವಿದೆ, ಯಾವ ಮನೆಯ ಹೊಸ್ತಿಲಿದೆ ಎಂದು ಲೆವೆಲ್ ಹಿಡಿದು ನೋಡಿ, ಎಲ್ಲಕ್ಕಿಂತ ತಗ್ಗಿನ ಹೊಸ್ತಿಲಿಗೂ ಕೆಳಗೆ ನೀರು ನಿಲ್ಲುವಂತೆ ಮೋರಿಯ ಅಗಲ ನಿಗದಿಪಡಿಸಬೇಕು.