ಮೊದಲು ಲೈನ್, ಆಮೇಲೆ ಟ್ರಾಕ್

ಐಸಿಯುಗೆ ನರ್ಸ್ ಆಗಿ ಸೇರಿದ ಹೊಸದರಲ್ಲಿ ಸೆಂಟ್ರಲ್ ಲೈನ್ (ಔಷಧಿ ಕೊಡಲು ದೊಡ್ಡ ರಕ್ತನಾಳದೊಳಗೆ ಇಡುವ ತೆಳು ಕೊಳವೆ) ಆರೈಕೆ ಒಂದು ದಿನ ಕಲಿಸಿದರು, ಟ್ರಾಕಿಯಾಸ್ಟಮಿ (ಉಸಿರಾಡಲು ಕುತ್ತಿಗೆಯಲ್ಲಿ ಮಾಡುವ ರಂಧ್ರ, ನಮ್ಮ ಬಾಯಲ್ಲಿ ‘ಟ್ರಾಕ್’) ಆರೈಕೆ ಇನ್ನೊಂದು ದಿನ. ಆದರೆ ನನ್ನ ಪಾಲಿಗೆ ಬಂದ ಮೊದಲ ಗಂಭೀರ ರೋಗಿಯ ಕುತ್ತಿಗೆಯಲ್ಲಿ ಎರಡೂ ಇದ್ದವು. ನಡುವೆ ಟ್ರಾಕ್ ಟ್ಯೂಬ್, ಅದರಿಂದ ನಾಲ್ಕು ಬೆರಳು ಆಚೆ ಕುತ್ತಿಗೆಯ ದೊಡ್ಡ ಜುಗುಲರ್ ರಕ್ತನಾಳಕ್ಕೆ ಹಾಕಿದ ಲೈನ್. ಒಂದರಿಂದ ಹಗಲೂ ರಾತ್ರಿ ಕಫ ಬರುತ್ತಲೇ ಇರುತ್ತದೆ. ಇನ್ನೊಂದರ ತುದಿ ಹೃದಯದ ಹೊಸ್ತಿಲಲ್ಲೇ ಇರುತ್ತದೆ. ಆ ನಾಲ್ಕು ಬೆರಳಿನ ಜಾಗವನ್ನು ಹೇಗೆ ಕಾಯಬೇಕು ಅಂತ ಯಾವ ತರಗತಿಯಲ್ಲೂ ಹೇಳಿರಲಿಲ್ಲ.

ನಾನು ಅದನ್ನು ಕಲಿತದ್ದು ತಪ್ಪು ಮಾಡಿಯೇ. ರಾತ್ರಿ ಪಾಳಿ. ಸಕ್ಷನ್ ಮಾಡಿ (ಟ್ರಾಕ್‌ನೊಳಗಿನ ಕಫ ಹೀರಿ) ಕ್ಯಾತಿಟರ್ ಎಂಬ ತೆಳು ನಳಿಕೆಯನ್ನು ಹೊರಗೆ ಎಳೆಯುತ್ತಿದ್ದಾಗ, ಬಿಪಿ ಹಿಡಿದಿಡುವ ನಾರ್‌ಅಡ್ರಿನಲಿನ್ ಔಷಧಿಯ ಪಂಪ್ ಕೂಗಿತು, ಸಿರಿಂಜ್ ಖಾಲಿಯಾಗುತ್ತ ಬಂದಿತ್ತು. ಅದು ಒಂದೆರಡು ನಿಮಿಷ ನಿಂತರೂ ಬಿಪಿ ಕುಸಿಯುತ್ತದೆ. ಗಾಬರಿಯಲ್ಲಿ ಅದೇ ಗ್ಲೌಸ್‌ನಲ್ಲೇ ಲೈನಿನ ಹಬ್ (ಸಿರಿಂಜ್ ಜೋಡಿಸುವ ಹೊರತುದಿ) ಬಿಚ್ಚಿ ಹೊಸ ಸಿರಿಂಜ್ ಜೋಡಿಸಿಬಿಟ್ಟೆ. ಎರಡು ದಿನ ಕಳೆದ ಮೇಲೆ ಲೈನ್ ಫ್ಲಶ್ ಮಾಡಿದ (ಸಲೈನ್ ಹಾಯಿಸಿ ತೊಳೆದ) ಸ್ವಲ್ಪ ಹೊತ್ತಿಗೇ ರೋಗಿಗೆ ಗಡಗಡ ನಡುಕ, ಹಿಂದೆಯೇ ಜ್ವರ. ಫ್ಲಶ್ ಆದ ಕೂಡಲೇ ಬರುವ ಚಳಿಜ್ವರವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಲೈನಿನಿಂದಲೂ ಕೈಯಿಂದಲೂ ಒಂದೇ ಹೊತ್ತಿಗೆ ರಕ್ತ ತೆಗೆದು ಕಲ್ಚರ್‌ಗೆ (ರೋಗಾಣು ಬೆಳೆಯುತ್ತದೆಯೇ ನೋಡುವ ಪರೀಕ್ಷೆಗೆ) ಕಳಿಸಿದೆವು. ಲೈನಿನ ಬಾಟಲಿ ಕೈಯ ಬಾಟಲಿಗಿಂತ 2 ಗಂಟೆಗೂ ಮೊದಲೇ ಪಾಸಿಟಿವ್ ಬಂತು, ಅಂದರೆ ಸೋಂಕಿನ ಬೇರು ಲೈನಿನಲ್ಲೇ ಇತ್ತು. ಆ ಗ್ಲೌಸ್‌ನಿಂದಲೇ ಅಂಟಿತು ಎಂದು ಸಾಬೀತು ಮಾಡಲು ಆಗದು. ಆದರೂ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಹೋಗಿ ಆ ರಾತ್ರಿ ನಡೆದದ್ದನ್ನು ನಾನೇ ಹೇಳಿದೆ. ಅವರು ಬೈಯಲಿಲ್ಲ. ‘ಸಕ್ಷನ್‌ಗೆ ಕೈ ಹಾಕುವ ಮುಂಚೆ ಪಂಪ್ ನೋಡಿದ್ದೆಯಾ?’ ಅಂತ ಕೇಳಿದರು, ಅಷ್ಟೇ.

ನೋಡಿರಲಿಲ್ಲ. ಅಂದಿನಿಂದ ನನ್ನ ಕ್ರಮ ಒಂದೇ: ಮೊದಲು ಲೈನ್, ಆಮೇಲೆ ಟ್ರಾಕ್. ಹಾಸಿಗೆ ಹತ್ತಿರ ಹೋದಾಗ ಮೊದಲು ಎಲ್ಲ ಪಂಪ್‌ಗಳಲ್ಲಿ ಎಷ್ಟು ಉಳಿದಿದೆ ನೋಡುತ್ತೇನೆ. ಅರ್ಧ ಗಂಟೆಯೊಳಗೆ ಮುಗಿಯುವುದಿದ್ದರೆ ಮುಂದಿನ ಸಿರಿಂಜ್ ತುಂಬಿ ಲೇಬಲ್ ಹಚ್ಚಿ ಇಡುತ್ತೇನೆ. ಶುದ್ಧ ಕೈಯಲ್ಲಿ ಲೈನಿನ ಕೆಲಸವೆಲ್ಲ ಮುಗಿಸುತ್ತೇನೆ: ಹಬ್ಬನ್ನು ಆಲ್ಕೊಹಾಲ್ ಸ್ವಾಬ್‌ನಿಂದ 15 ಸೆಕೆಂಡ್ ಗಟ್ಟಿಯಾಗಿ ತಿಕ್ಕುವುದು, ಒಣಗಲು ಬಿಡುವುದು (ಒಣಗುವಾಗಲೇ ಅದು ಕೆಲಸ ಮಾಡುವುದು, ಅವಸರ ಮಾಡಿದರೆ ತಿಕ್ಕಿದ್ದೂ ದಂಡ), ರಕ್ತ ಹಿಂದಕ್ಕೆ ಬರುತ್ತದೆಯೇ ನೋಡುವುದು, 10 ಎಂಎಲ್ ಸಿರಿಂಜ್‌ನಿಂದ ತಡೆದು ತಡೆದು ಫ್ಲಶ್ ಮಾಡುವುದು. ಚಿಕ್ಕ ಸಿರಿಂಜ್‌ನಲ್ಲಿ ಒತ್ತಡ ಜಾಸ್ತಿ, ಲೈನ್ ಒಡೆಯಬಹುದು. ಇದೆಲ್ಲ ಆದ ಮೇಲೆಯೇ ಸಕ್ಷನ್. ಸಕ್ಷನ್ ಮುಗಿದ ಮೇಲೆ ಗ್ಲೌಸ್ ಬಿಚ್ಚಿ ಕೈ ತೊಳೆಯುವವರೆಗೆ ಆ ಕುತ್ತಿಗೆಯಲ್ಲಿ ಇನ್ನೇನನ್ನೂ ಮುಟ್ಟುವುದಿಲ್ಲ.

ಸಕ್ಷನ್ ಶುರು ಮಾಡುವ ಮುಂಚೆ ಲೈನಿನ ಮೇಲೆ ಒಂದು ಶುಭ್ರ ಟವೆಲ್ ಹೊದಿಸುತ್ತೇನೆ. ಕೆಮ್ಮು ಬಂದಾಗ ಕಫ ಎಷ್ಟು ದೂರ ಹಾರುತ್ತದೆ ಎಂಬುದು ಒಮ್ಮೆ ಕಂಡವರಿಗೆ ಗೊತ್ತು. ವೆಂಟಿಲೇಟರ್ ಪೈಪನ್ನು ಲೈನ್ ಇಲ್ಲದ ಕಡೆಗೆ ತಿರುಗಿಸುತ್ತೇನೆ, ಲೈನಿನ ಬಾಲಗಳನ್ನು ಭುಜದ ಕಡೆಗೆ ಒಯ್ದು ಅಂಟಿಸುತ್ತೇನೆ. ಲೈನಿನ ಮೇಲಿನ ಪಾರದರ್ಶಕ ಡ್ರೆಸಿಂಗ್ 7 ದಿನ, ಗಾಜ್ ಬಟ್ಟೆ ಆದರೆ 2 ದಿನ ಎನ್ನುತ್ತದೆ ನಿಯಮ. ಆದರೆ ಅಂಚು ಎದ್ದರೆ ಅಥವಾ ಒದ್ದೆಯಾದರೆ ದಿನ ಎಣಿಸುತ್ತ ಕೂರುವಂತಿಲ್ಲ, ಆಗಲೇ ಬದಲಿಸಬೇಕು. ಟ್ರಾಕ್ ಇರುವವರಲ್ಲಿ 7 ದಿನ ಪೂರ್ತಿ ಉಳಿದ ಡ್ರೆಸಿಂಗ್ ನಾನು ಕಂಡದ್ದು ಕಡಿಮೆ. ಎಷ್ಟೋ ಸಲ ಅಂಚನ್ನು ಎಬ್ಬಿಸುವುದು ಟ್ರಾಕ್ ಕಟ್ಟುವ ಟೇಪೇ, ತಲೆ ತಿರುಗಿಸಿದಾಗಲೆಲ್ಲ ಡ್ರೆಸಿಂಗ್ ಮೇಲೆ ಉಜ್ಜುತ್ತಿರುತ್ತದೆ. ಆ ಟೇಪಿನಡಿ ಒಂದು ಬೆರಳು ಹೋಗುವಷ್ಟು ಸಡಿಲ ಇರಬೇಕು. ಬದಲಿಸುವಾಗ ಇಬ್ಬರು ಬೇಕೇಬೇಕು, ಒಬ್ಬರು ಟ್ಯೂಬ್ ಹಿಡಿದೇ ಇರಬೇಕು. ಹೊಸ ಟ್ರಾಕ್ ಮೊದಲ ವಾರದಲ್ಲಿ ಕಳಚಿಬಿದ್ದರೆ ಟ್ಯೂಬ್ ಹೋಗುವ ದಾರಿ ಇನ್ನೂ ಗಟ್ಟಿಯಾಗಿ ರೂಪುಗೊಂಡಿರುವುದಿಲ್ಲ. ಕುರುಡಾಗಿ ತಳ್ಳಿದರೆ ಟ್ಯೂಬ್ ಶ್ವಾಸನಾಳ ಬಿಟ್ಟು ಮಾಂಸದೊಳಗೆ ಹೋಗಬಹುದು. ಅದಕ್ಕೇ ತಲೆದಿಂಬಿನ ಪಕ್ಕ ಅದೇ ಅಳತೆಯ ಒಂದು ಟ್ಯೂಬ್, ಒಂದು ಅಳತೆ ಚಿಕ್ಕದೊಂದು, ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್ ಇದೆಯೇ ಎಂದು ಪಾಳಿ ಶುರುವಾದಾಗ ಕೈಯಿಂದ ಮುಟ್ಟಿ ನೋಡುತ್ತೇನೆ.

ಸಕ್ಷನ್ ವಿಷಯದಲ್ಲಿ ನಾನು ಹಟಮಾರಿ. ಕ್ಯಾತಿಟರ್‌ನ ದಪ್ಪ ಟ್ಯೂಬಿನ ಒಳವ್ಯಾಸದ ಅರ್ಧ ಮೀರಬಾರದು. ಮೊದಲು ಆಕ್ಸಿಜನ್ ಹೆಚ್ಚಿಸಬೇಕು. ಒಳಗೆ ಹೋಗುವಾಗ ಎಳೆತ ಬೇಡ, ಹೊರಗೆ ಬರುವಾಗ ಮಾತ್ರ. 10ರಿಂದ 15 ಸೆಕೆಂಡ್, ಅದಕ್ಕಿಂತ ಹೆಚ್ಚಿಲ್ಲ. ಆ ಹೊತ್ತು ನನ್ನ ಉಸಿರನ್ನೂ ಹಿಡಿದುಕೊಳ್ಳುತ್ತೇನೆ. ನನಗೆ ಉಸಿರು ಬೇಕೆನಿಸಿದಾಗ ಅವರಿಗೆ ಅದಕ್ಕಿಂತ ಮೊದಲೇ ಬೇಕಾಗಿರುತ್ತದೆ. ಕಣ್ಣು ಮಾನಿಟರ್ ಮೇಲಿರಬೇಕು. ಹೃದಯದ ಬಡಿತ ಇಳಿಯತೊಡಗಿದರೆ ತಕ್ಷಣ ನಿಲ್ಲಿಸಬೇಕು.

ಒಮ್ಮೆ ಕ್ಯಾತಿಟರ್ ಒಳಗೆ ಹೋಗಲೇ ಇಲ್ಲ. ಸ್ಯಾಚುರೇಶನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) 94 ಇದ್ದದ್ದು 86ಕ್ಕೆ ಇಳಿದಿತ್ತು. ರೋಗಿ ಎರಡೂ ಕೈಯಲ್ಲಿ ಹಾಸಿಗೆಯ ಕಂಬಿ ಹಿಡಿದುಕೊಂಡಿದ್ದರು, ಕಣ್ಣು ನನ್ನ ಮುಖದ ಮೇಲೆ. ಟ್ರಾಕ್ ಟ್ಯೂಬಿನ ಒಳಕೊಳವೆ ಬಿಚ್ಚಿ ಹೊರತೆಗೆದೆ. ಅದರ ತುದಿಯಲ್ಲಿ ಒಣಗಿ ಗೋಂದಿನಂತಾದ ಕಫ, ಬೆರಳುಗುರಿನಷ್ಟು. ಮರುಕ್ಷಣವೇ ಎದೆ ಏರಿತು, ಕಂಬಿ ಹಿಡಿದ ಕೈ ಸಡಿಲವಾಯಿತು. ಮೂಗು ಮಾಡುತ್ತಿದ್ದ ತೇವದ ಕೆಲಸ ಟ್ರಾಕ್ ಬಂದ ಮೇಲೆ ನಿಂತುಹೋಗಿರುತ್ತದೆ. ಹ್ಯುಮಿಡಿಫೈಯರ್‌ನಲ್ಲಿ ನೀರು ಎಷ್ಟಿದೆ ಎಂದು ನಾನು ಇಂದಿಗೂ ಹ್ಯಾಂಡೋವರ್‌ನಲ್ಲಿ ಕೇಳದೆ ಬಿಡುವುದಿಲ್ಲ.

ಮನೆಯವರಿಗೆ ವಿವರಿಸುವಾಗ ಒಂದು ಎಚ್ಚರ ಬೇಕು. ‘ಕಫ್ ಒತ್ತಡ ನೋಡುತ್ತಿದ್ದೇವೆ’ ಅಂದರೆ ಅವರ ಕಿವಿಗೆ ಬೀಳುವುದು ‘ಕಫ’. ಎದೆ ತುಂಬ ಕಫವಿದೆ ಎಂದು ಹೆದರಿದವರನ್ನು ಕಂಡ ಮೇಲೆ ನಾನು ‘ಟ್ಯೂಬ್ ಸುತ್ತ ಇರುವ ಬಲೂನು’ ಎಂದೇ ಹೇಳುತ್ತೇನೆ. ಆ ಬಲೂನಿನ ಒತ್ತಡ 20ರಿಂದ 30 ಸೆಂಟಿಮೀಟರ್ ನೀರಿನಷ್ಟಿರಬೇಕು. ಕಡಿಮೆಯಾದರೆ ಜೊಲ್ಲು ಶ್ವಾಸಕೋಶಕ್ಕಿಳಿಯುತ್ತದೆ, ಜಾಸ್ತಿಯಾದರೆ ಶ್ವಾಸನಾಳದ ಒಳಪದರಕ್ಕೆ ರಕ್ತ ತಲುಪದು. ಬೆರಳಿನಿಂದ ಹಿಚುಕಿ ಅಂದಾಜು ಮಾಡುವುದನ್ನು ನಾನು ಒಪ್ಪುವುದಿಲ್ಲ, ಮೀಟರ್ ಇಟ್ಟೇ ನೋಡಬೇಕು.

ಬೆಳಗಿನ ರೌಂಡ್ಸ್‌ನಲ್ಲಿ ನನ್ನದೊಂದು ಪ್ರಶ್ನೆ ಇದ್ದೇ ಇರುತ್ತದೆ: ‘ಈ ಲೈನ್ ಇವತ್ತೂ ಬೇಕಾ, ಡಾಕ್ಟ್ರೇ?’ ಅಮೆರಿಕದ ಮಿಷಿಗನ್ ರಾಜ್ಯದ 103 ಐಸಿಯುಗಳಲ್ಲಿ ಲೈನ್ ಸೋಂಕು ತಗ್ಗಿಸಿದ ಕೆಲಸದ ವರದಿ 2006ರಲ್ಲಿ ಬಂತು. ಅಲ್ಲಿ ಪಾಲಿಸಿದ ಐದು ಕ್ರಮಗಳಲ್ಲಿ ಬೇಡದ ಲೈನ್ ತೆಗೆಯುವುದೂ ಒಂದು. ಕೇಳುವವರಿಲ್ಲದಿದ್ದರೆ ಲೈನ್ ಸುಮ್ಮನೆ ಉಳಿದುಬಿಡುತ್ತದೆ.

ತೆಗೆಯುವಾಗಲೂ ಟ್ರಾಕ್ ನೆನಪಿರಬೇಕು. ಗಾಳಿ ರಕ್ತನಾಳಕ್ಕೆ ನುಗ್ಗದಿರಲೆಂದು ಬೇರೆಯವರಿಗೆ ‘ಉಸಿರು ಹಿಡಿದು ತಿಣುಕಿ’ ಎನ್ನುತ್ತೇವೆ. ಟ್ರಾಕ್ ಇರುವವರಿಗೆ ಅದು ಆಗದು. ಗಾಳಿ ಗಂಟಲ ಮೇಲಕ್ಕೆ ಹೋಗದೆ ಟ್ಯೂಬಿನಿಂದಲೇ ಹೊರಟುಹೋಗುತ್ತದೆ. ಮೊನ್ನೆ ಒಬ್ಬರ ಲೈನ್ ತೆಗೆದೆ. ಅವರು ವೆಂಟಿಲೇಟರ್ ಬಿಟ್ಟು ತಾವೇ ಉಸಿರಾಡುತ್ತಿದ್ದರು. ಹಾಸಿಗೆಯ ತಲೆಭಾಗ ತಗ್ಗಿಸಿ, ಅವರ ಎದೆ ನೋಡುತ್ತ ನಿಂತೆ. ಮೂರು ಉಸಿರು ಲೆಕ್ಕ ಹಾಕಿ, ನಾಲ್ಕನೆಯದನ್ನು ಹೊರಬಿಡುವಾಗ ಎಳೆದೆ. ಕೂಡಲೇ ಗಾಜ್ ಒತ್ತಿದೆ. ರಕ್ತ ನಿಂತ ಮೇಲೆ ಗಾಳಿಯಾಡದ ಡ್ರೆಸಿಂಗ್ ಹಾಕಿ, ಲೈನಿನ ತುದಿ ಪೂರ್ತಿ ಬಂದಿದೆಯೇ ನೋಡಿ, ಹೊತ್ತು ಬರೆದೆ. ಅವರು ಕೈಯೆತ್ತಿ ಕುತ್ತಿಗೆಯ ಆ ಬದಿಯನ್ನು ತೋರಿಸಿ, ಹುಬ್ಬೇರಿಸಿ ಕೇಳಿದರು. ‘ಹೌದು, ತೆಗೆದಾಯಿತು’ ಅಂದೆ. ಕೈ ತೊಳೆದು, ಹೊಸ ಗ್ಲೌಸ್ ಹಾಕಿಕೊಂಡು ಸಕ್ಷನ್‌ಗೆ ಬಂದೆ.